ಎರಡು ಮೂರರ ನಡುವೆ

ಮಾರ್ಚ್ 4, ಮಂಗಳವಾರ

ಈ ಮನೆಗೆ ಹಿರಿಯಳು ನಾನು. ವಯಸ್ಸು ಅರವತ್ತೇಳು. ಹೈಸ್ಕೂಲು ಮುಗಿಸಿದ್ದೇನೆ, ಲೆಕ್ಕದಲ್ಲಿ ತರಗತಿಗೇ ಮೊದಲಿಗಳಾಗಿ. ಕೆಳಗಿನ ಹೊಲಿಗೆ ಅಂಗಡಿ ನನ್ನದು. ಹನ್ನೊಂದು ಮಷೀನು, ಹದಿಮೂರು ಹೆಂಗಸರು, ಒಂದು ಕತ್ತರಿ ಮೇಜು. ಶಾಲೆಯ ಸಮವಸ್ತ್ರ, ಆಸ್ಪತ್ರೆಯ ನಿಲುವಂಗಿ, ಹೋಟೆಲಿನವರ ಅಂಗಿ ಹೊಲಿಯುತ್ತೇವೆ. ಹೊಲಿಯುವುದು ಅವರು, ಕತ್ತರಿಸುವುದು ನಾನೊಬ್ಬಳೇ. ಮೂವತ್ತೊಂಬತ್ತು ವರ್ಷದಲ್ಲಿ ನನ್ನ ಕತ್ತರಿ ಮುಟ್ಟದ ಬಟ್ಟೆ ಆ ಮಷೀನುಗಳಿಗೆ ಹೋಗಿಲ್ಲ.

ಹೋಗಿರಲಿಲ್ಲ ಎಂದು ಬರೆಯಬೇಕು. ಜನವರಿಯಿಂದ ಮಗಳು ಕತ್ತರಿಸುತ್ತಿದ್ದಾಳೆ.

ಈ ಪುಸ್ತಕ ಆಸ್ಪತ್ರೆಯವರು ಕೊಟ್ಟಿದ್ದು. ಎಡಗಡೆಯ ಪುಟದಲ್ಲಿ ಮಾತ್ರೆ, ರಕ್ತದ ಅಂಕಿ, ಮೈಮೇಲೆ ಎಲ್ಲಾದರೂ ನೀಲಿಗಟ್ಟಿದ್ದರೆ ಅದು, ಇಷ್ಟನ್ನು ಬರೆಯಬೇಕು. ಬಲಗಡೆಯ ಪುಟ ಖಾಲಿ ಬಿಟ್ಟಿದ್ದಾರೆ. ಬಟ್ಟೆಯಾಗಲಿ ಕಾಗದವಾಗಲಿ, ದಂಡವಾಗುವುದನ್ನು ನೋಡಿಕೊಂಡು ಕೂರುವುದು ನನಗಾಗದು. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಯಾರೂ ಓದಬೇಕಾಗಿಲ್ಲ.

ಆದದ್ದು ಇಷ್ಟು. ಹೊಸ ವರ್ಷದ ವಾರ ಎಡಗಾಲಿನ ಮೀನಖಂಡ ಊದಿತು. ನಿಂತು ನಿಂತು ಹೀಗಾಗಿದೆ ಅಂದುಕೊಂಡೆ. ನಾಲ್ಕನೆಯ ದಿನ ಮೆಟ್ಟಿಲಿನ ಅರ್ಧದಲ್ಲಿ ಉಸಿರು ನಿಂತಂತಾಗಿ ಕುಸಿದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದರದೊಂದು ಚೂರು ಶ್ವಾಸಕೋಶಕ್ಕೆ ಹೋಗಿತ್ತಂತೆ. ಹನ್ನೊಂದು ದಿನ ಆಸ್ಪತ್ರೆ. ರಕ್ತದ ಡಾಕ್ಟರಮ್ಮ ಹೇಳಿದ್ದು: ರೋಗದಿಂದ ಮೈಯನ್ನು ಕಾಯಬೇಕಾದ ಕಾವಲಿನವರೇ ನನ್ನಲ್ಲಿ ಗುರುತು ತಪ್ಪಿ ನನ್ನ ರಕ್ತದ ಮೇಲೇ ಬಿದ್ದಿದ್ದಾರೆ, ಹಾಗಾಗಿ ಅದು ಕಾರಣವಿಲ್ಲದೆ ಹೆಪ್ಪುಗಟ್ಟುತ್ತದೆ.

"ಸರಿಯಾಗಿದೆ," ಎಂದ ಅಳಿಯ. "ಅತ್ತೆಯ ರಕ್ತಾನೂ ಅತ್ತೆ ಹಾಗೇ. ಮನೆಯವರನ್ನೂ ನಂಬಲ್ಲ."

ಈಗ ರಕ್ತವನ್ನು ತೆಳುವಾಗಿಡುವ ಮಾತ್ರೆ. ಪ್ರತಿ ಮಂಗಳವಾರ ಸೂಜಿ ಚುಚ್ಚಿ ಅಂಕಿ ನೋಡುತ್ತಾರೆ. ಅದು ಎರಡಕ್ಕೂ ಮೂರಕ್ಕೂ ನಡುವೆ ಇರಬೇಕು. ಎರಡಕ್ಕಿಂತ ಇಳಿದರೆ ಹೆಪ್ಪುಗಟ್ಟೀತು, ಮೂರು ದಾಟಿದರೆ ಸಣ್ಣ ಗಾಯಕ್ಕೂ ರಕ್ತ ನಿಲ್ಲಲಿಕ್ಕಿಲ್ಲ. ಸೊಪ್ಪು ದಿನಕ್ಕೆ ಅರ್ಧ ಬಟ್ಟಲು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಕತ್ತರಿ ಬೇಡ, ಚಾಕು ಬೇಡ, ಸೂಜಿ ಬೇಡ. ಬಾಚಣಿಗೆ ಒಂದನ್ನು ಬಿಟ್ಟಿದ್ದಾರೆ. ನನ್ನ ಕತ್ತರಿ ಕಬ್ಬಿಣದ ಬೀರುವಿನಲ್ಲಿದೆ. ಬೀಗದ ಕೈ ಮಗಳ ಹತ್ತಿರ.

ಇವತ್ತಿನ ಅಂಕಿ 2.4.

ಮಾರ್ಚ್ 8, ಶನಿವಾರ

ಅಂಗಡಿಯಿಂದ ಈ ಕೋಣೆಗೆ ಹದಿನೇಳು ಮೆಟ್ಟಿಲು. ಒಬ್ಬಳೇ ಇಳಿಯಕೂಡದು ಎಂದು ಅಪ್ಪಣೆಯಾಗಿದೆ, ನನ್ನ ಮನೆಯಲ್ಲಿ ನನಗೇ. ದಿನವಿಡೀ ಕೆಳಗಿನ ಸದ್ದು ಕೇಳಿಕೊಂಡು ಕೂರುತ್ತೇನೆ. ಯಾರ ಮಷೀನು ಯಾವುದೆಂದು ಸದ್ದಿನಲ್ಲೇ ಗೊತ್ತಾಗುತ್ತದೆ. ಮೂರನೆಯ ಮಷೀನಿಗೆ ಎಣ್ಣೆ ಬಿಟ್ಟು ವಾರವಾಯಿತು. ನೆಲಕ್ಕೆ ಕೋಲಿನಿಂದ ಕುಟ್ಟಿ ಹೇಳಿ ಕಳಿಸಿದೆ.

ಎಡಗಾಲಿಗೆ ಬಿಗಿಯಾದ ಕಾಲುಚೀಲ ಹಾಕಿದ್ದಾರೆ, ತೊಡೆಯವರೆಗೆ. ಅದರ ಹೊಲಿಗೆ ನೋಡಿದೆ. ನನ್ನ ಅಂಗಡಿಯಲ್ಲಿ ಹಾಗೆ ಹೊಲಿದವಳು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದರೆ ತಿರುಗಿ ಬರಬೇಕಾಗಿರಲಿಲ್ಲ.

ಅಳಿಯನಿಗೆ ರಜೆ. ಅವನದು ಲಿಫ್ಟ್ ರಿಪೇರಿ ಕೆಲಸ. ಫೋನು ಹಿಡಿದುಕೊಂಡು ಮೇಲೆ ಬಂದ.

"ಅತ್ತೆ, ನಿಮ್ಮ ಕಾಯಿಲೆಗೆ ಹೊಸ ಮಾತ್ರೆ ನೋಡ್ತಿದ್ದಾರಂತೆ. ಟ್ರಯಲ್. ಔಷಧ ಪ್ರಯೋಗ. ಅಂಗಡಿಗೆ ಬರೋ ಮುಂಚೆ ಒಂದಷ್ಟು ಜನಕ್ಕೆ ಕೊಟ್ಟು ನೋಡ್ತಾರೆ."

"ನಾನೇನು ಇಲೀನಾ?"

"ಇಲಿಗಳ ಪಾಳಿ ಮುಗಿದಿದೆ. ಈಗ ಅತ್ತೆಯಂದಿರದು."

ನಕ್ಕೆನೋ ಇಲ್ಲವೋ ನೆನಪಿಲ್ಲ. ಆಮೇಲೆ ಓದಿ ಹೇಳಿದ. ಈ ಮಾತ್ರೆ ರಕ್ತವನ್ನು ತೆಳು ಮಾಡುವುದಿಲ್ಲ, ಗುರುತು ತಪ್ಪಿದ ಆ ಕಾವಲಿನವರನ್ನೇ ಸುಮ್ಮನಾಗಿಸುತ್ತದೆ. ಅದು ಫಲಿಸಿದರೆ ವಾರ ವಾರ ಸೂಜಿ ಬೇಡ, ಸೊಪ್ಪು ಅಳೆಯುವುದು ಬೇಡ.

"ಕತ್ತರಿ?" ಎಂದು ಕೇಳಿದೆ.

"ಅದನ್ನ ಇಲ್ಲಿ ಬರೆದಿಲ್ಲ ಅತ್ತೆ. ಬೇರೆ ಯಾರಿಗೂ ಅದು ಬೇಕಾಗಿಲ್ಲ ಅನ್ಸತ್ತೆ."

ಹುಡುಕಿ ಎಂದೆ.

ಮಾರ್ಚ್ 11, ಮಂಗಳವಾರ

1.7. ಸೊಪ್ಪು ಎರಡು ಚಮಚ ಹೆಚ್ಚಾಗಿತ್ತು. ತಿಂದವಳು ನಾನೇ, ಬೈಸಿಕೊಂಡವಳು ಮಗಳು.

ಮಾರ್ಚ್ 14, ಶುಕ್ರವಾರ

ಅಳಿಯ ಹುಡುಕಿಕೊಟ್ಟ ಮೊದಲನೆಯ ಪ್ರಯೋಗದವರಿಗೆ ನಾನೇ ಫೋನು ಮಾಡಿದೆ. ಹೆಸರು, ಕಾಯಿಲೆ, ಎತ್ತರ, ತೂಕ ಎಲ್ಲ ಕೇಳಿದರು. ಕೊನೆಗೆ ವಯಸ್ಸು. ಅರವತ್ತೈದರ ಮೇಲಿನವರನ್ನು ತೆಗೆದುಕೊಳ್ಳುವುದಿಲ್ಲವಂತೆ. ಅದನ್ನು ಮೊದಲೇ ಕೇಳಿದ್ದರೆ ನನ್ನ ತೂಕವನ್ನು ಪರರಿಗೆ ಹೇಳುವುದು ತಪ್ಪುತ್ತಿತ್ತು.

ಮಾರ್ಚ್ 20, ಗುರುವಾರ

ಎರಡನೆಯದು ಭರ್ತಿಯಾಗಿದೆ. "ಹೆಸರು ಬರ್ಕೊಂಡಿರ್ತೀವಿ ಅಮ್ಮ, ಯಾರಾದ್ರೂ ಬಿಟ್ರೆ ಹೇಳ್ತೀವಿ" ಎಂದರು. ನಾನು ಎಂದೂ ಯಾರಿಗೂ ಅರ್ಜಿ ಹಾಕಿದವಳಲ್ಲ. ಕೆಲಸ ಕೇಳಿಕೊಂಡು ಬಂದವರನ್ನು ನಾನು ಹೀಗೇ ಕಳಿಸುತ್ತಿದ್ದೆ, ಇದೇ ಮಾತಿನಲ್ಲಿ.

ಅಳಿಯ ಊಟಕ್ಕೆ ಕೂತಾಗ ತನ್ನ ಕೆಲಸದ ಕತೆ ಹೇಳುತ್ತಿದ್ದ. ನನ್ನ ಮುಖ ನೋಡಿ ನಗಿಸಲು ಹೊರಟಿದ್ದನೆಂದು ಕಾಣುತ್ತದೆ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಒಳಗಿನಿಂದ ಫೋನು ಮಾಡಿದರೆ ಇವನು ಮೊದಲು ಕೇಳುವುದು ಒಂದೇ: ಒಳಗೆ ಎಷ್ಟು ಜನ?

"ಎಂಟು ಜನರ ಲಿಫ್ಟು ಅತ್ತೆ. ಹನ್ನೊಂದು ಜನ ಹತ್ತಿರ್ತಾರೆ. ಬೈತಾರೆ ಅಂತ ಎಂಟೇ ಅಂತಾರೆ. ನಾನು ಎಂಟಕ್ಕೆ ಲೆಕ್ಕ ಹಾಕಿ ಇಳಿಸೋಕೆ ಹೋದ್ರೆ ಇನ್ನೂ ಕೆಟ್ಟದಾಗಿ ಸಿಕ್ಕೊಳ್ತದೆ. ಒಳಗೇ ಕೂತು ಸಾಯ್ತಾರೆ, ಮೂರು ಜನ ಜಾಸ್ತಿ ಇದ್ದೀವಿ ಅಂತ ಮಾತ್ರ ಹೇಳಲ್ಲ!"

ಮಗಳು ನಕ್ಕಳು. ಅವಳು ನಕ್ಕಿದ್ದು ಕೇಳಿ ಬಹಳ ದಿನವಾಗಿತ್ತು.

ಮಾರ್ಚ್ 25, ಮಂಗಳವಾರ

2.2. ಆಸ್ಪತ್ರೆಯಿಂದ ಬಂದವಳು ಮೇಲೆ ಹೋಗದೆ ಅಂಗಡಿಯಲ್ಲಿ ಕೂತೆ. ಹೆಚ್ಚುಕಡಿಮೆ ಮೂರು ತಿಂಗಳಾದ ಮೇಲೆ. ಯಾರೂ ತಲೆಯೆತ್ತಲಿಲ್ಲ, ಮಷೀನುಗಳ ವೇಗ ಮಾತ್ರ ಹೆಚ್ಚಾಯಿತು. ಅಷ್ಟು ಭಯ ಇನ್ನೂ ಉಳಿದಿದೆ.

ಮಗಳು ಹೊಸ ಕತ್ತರಿಯಲ್ಲಿ ಕತ್ತರಿಸುತ್ತಿದ್ದಳು. ಅದು ಬಟ್ಟೆಯನ್ನು ಕಡಿಯುವುದಿಲ್ಲ, ಜಗಿಯುತ್ತದೆ. ನನ್ನದು ಬೀರುವಿನಲ್ಲಿ ಸುಮ್ಮನೆ ಬಿದ್ದಿದೆ, ಆದರೂ ನನ್ನ ಕತ್ತರಿ ಇನ್ನೊಬ್ಬರ ಕೈಗೆ ಹೋಗುವುದು ನನಗಿಷ್ಟವಿಲ್ಲ. ಅವಳು ಕೇಳಿಯೂ ಇಲ್ಲ.

ಮೇಜಿನ ಪಕ್ಕದ ಗೋಡೆಯಲ್ಲಿ ಒಂದು ದೊಡ್ಡ ಮೊಳೆಯಿದೆ. ಅಂಗಡಿಗೆ ನಾನು ಮಾಡಿದ ಮೊದಲ ಕಟ್ಟಳೆ ಅದು. ಯಾರಿಂದ ಬಟ್ಟೆ ಕೆಟ್ಟರೂ ಆ ತುಂಡನ್ನು ಅವಳೇ ಮೊಳೆಗೆ ಸಿಕ್ಕಿಸಿ, ಸೀಮೆಸುಣ್ಣದಲ್ಲಿ ತನ್ನ ಗುರುತು ಹಾಕಬೇಕು. ಕೆಟ್ಟ ತುಂಡು ಗೊತ್ತಾಗದೆ ಮುಂದಿನ ಕೈಗೆ ಹೋದರೆ ಅಂಗಿಯೇ ಕೆಡುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಗುರುತಿದೆ. ನನ್ನದು ಎರಡು ಗೆರೆ. ಅದು ಆ ಮೊಳೆಯಲ್ಲಿ ಯಾವತ್ತೂ ತೂಗಿಲ್ಲ. ಕೆಟ್ಟ ಅಂಗಿತೋಳೊಂದನ್ನು ಬ್ಲೌಸಿನೊಳಗೆ ಬಚ್ಚಿಟ್ಟುಕೊಂಡವಳನ್ನು ಅದೇ ದಿನ ಕೆಲಸದಿಂದ ತೆಗೆದಿದ್ದೇನೆ. ಅತ್ತಳು. ಅತ್ತರೇನು?

ಮಗಳು ಬಟ್ಟೆಯ ಥಾನು, ಆ ಭಾರದ ಸುರುಳಿ, ಎತ್ತಲು ಬಗ್ಗಿದಳು. "ಬಿಡು ಅದನ್ನ," ಎಂದೆ. "ಎರಡು ಸಲ ಕಳ್ಕೊಂಡಿದ್ದು ಸಾಲ್ದಾ?"

ಹೋದ ವರ್ಷ ಅವಳಿಗೆ ಎರಡು ಸಲ ಮೂರನೆಯ ತಿಂಗಳಿಗೇ ಗರ್ಭ ಇಳಿದು ಹೋಯಿತು. ಥಾನು ಎತ್ತಬೇಡ ಎಂದು ಬಾಯಿ ಬಡಿದುಕೊಂಡಿದ್ದೆ, ಕೇಳಲಿಲ್ಲ. ಎಲ್ಲರೆದುರು ಹೇಳಬಾರದಿತ್ತೇನೋ. ಆದರೆ ಹೇಳಿದ್ದರಲ್ಲಿ ತಪ್ಪಿಲ್ಲ.

ಅವಳು ಥಾನು ಎತ್ತಿಯೇ ಮೇಜಿನ ಮೇಲಿಟ್ಟಳು.

ಏಪ್ರಿಲ್ 3, ಗುರುವಾರ

ಮೂರನೆಯ ಪ್ರಯೋಗ ಸಿಕ್ಕಿದೆ. ಇಲ್ಲೇ, ಬಸ್ಸಿನಲ್ಲಿ ಒಂಬತ್ತು ನಿಲ್ದಾಣ ದಾಟಿದರೆ ಸಿಗುವ ದೊಡ್ಡ ಆಸ್ಪತ್ರೆಯಲ್ಲಿ. ನನ್ನ ಡಾಕ್ಟರಮ್ಮನೇ ಅದರಲ್ಲಿದ್ದಾರಂತೆ. ವಯಸ್ಸು ಎಪ್ಪತ್ತೈದರವರೆಗೆ ಆಗುತ್ತದೆ. ಮಗಳು ಜೊತೆಗೆ ಬಂದಿದ್ದಳು.

ಕಿಟಕಿಯಿಲ್ಲದ ಒಂದು ಕೋಣೆ. ಮೇಜು, ಮೂರು ಕುರ್ಚಿ, ಗೋಡೆಗೆ ಗಡಿಯಾರ. ಪ್ರಯೋಗದ ನರ್ಸಮ್ಮನಿಗೆ ನಲವತ್ತೈದಿರಬಹುದು, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಪ್ರಶ್ನೆಗಳ ಪಟ್ಟಿ. ಮೊದಲು ಇಪ್ಪತ್ತೆರಡು ಪುಟದ ತಿಳಿವಳಿಕೆ ಪುಸ್ತಕ ಕೊಟ್ಟು, ಓದಿ ಅರ್ಥವಾದ ಮೇಲೆ ಪ್ರತಿ ಪುಟಕ್ಕೂ ಸಹಿ ಹಾಕಿ ಎಂದರು.

"ಮನೆಗೆ ತಗೊಂಡು ಹೋಗಿ ನಿಧಾನಕ್ಕೆ ಓದಿ ಅಮ್ಮ. ನಾಳೆ ಬಂದ್ರೂ ಆಗತ್ತೆ."

"ನಾನು ಹೈಸ್ಕೂಲು ಮುಗಿಸಿದವಳು," ಎಂದೆ. ನನ್ನ ಕನ್ನಡಕ ಮನೆಯಲ್ಲೇ ಉಳಿದಿತ್ತು. ಅದನ್ನು ಹೇಳಲಿಲ್ಲ. ಪುಟ ತಿರುವುತ್ತ ಇಪ್ಪತ್ತೆರಡಕ್ಕೂ ಸಹಿ ಹಾಕಿದೆ.

ಗಣಕಯಂತ್ರ ಚೀಟಿ ಎತ್ತುತ್ತದಂತೆ. ಅರ್ಧ ಜನಕ್ಕೆ ಹೊಸ ಮಾತ್ರೆ, ಅರ್ಧ ಜನಕ್ಕೆ ಹಳೆಯದೇ. ಅದಕ್ಕೂ ಮೊದಲು ನಾವು ತಕ್ಕವರೋ ಅಲ್ಲವೋ ನೋಡಬೇಕು.

"ಇದು ಒಂದೇ ಸಲ ಹೆಪ್ಪುಗಟ್ಟಿದವರಿಗೆ ಮಾತ್ರ," ಎಂದರು ನರ್ಸಮ್ಮ. "ಗರ್ಭ ಹೋಗಿದ್ದವರದು ಬೇರೆ ಗುಂಪು. ಆ ಗುಂಪು ಮುಚ್ಚಿಹೋಗಿದೆ. ಅದಕ್ಕೇ ಹನ್ನೆರಡನೇ ಪ್ರಶ್ನೆ ಸ್ವಲ್ಪ ನೋಡಿ ಹೇಳಿ. ನಿಮಗೆ ಯಾವತ್ತಾದರೂ ಗರ್ಭಪಾತ ಆಗಿತ್ತಾ?"

ಮಗಳು ನನ್ನ ಪಕ್ಕದ ಕುರ್ಚಿಯಲ್ಲಿದ್ದಳು. ಮಡಿಲಲ್ಲಿ ನನ್ನ ಚೀಲ.

"ಇಲ್ಲ," ಎಂದೆ.

"ಒಂದೂ?"

"ಇಲ್ಲ ಅಂದ್ನಲ್ಲ."

ನರ್ಸಮ್ಮ ಬರೆದುಕೊಂಡರು. ಆ ಹಾಳೆಯ ಒಂದು ಪ್ರತಿಯನ್ನು ನನಗೂ ಕೊಟ್ಟರು. ಹೊಸ ಅಂಗಿಯ ಕಾಲರಿನೊಳಗೆ ಉಳಿದ ಸೂಜಿಯಂತೆ ಬಸ್ಸಿನುದ್ದಕ್ಕೂ ಅದು ಚುಚ್ಚುತ್ತಿತ್ತು.

ಏಪ್ರಿಲ್ 4, ಶುಕ್ರವಾರ

ಇಲ್ಲಿ ಬರೆದರೆ ಯಾರಿಗೂ ತಿಳಿಯುವುದಿಲ್ಲ. ಮೂರು.

ಮೊದಲೆರಡು ಮೂರನೆಯ ತಿಂಗಳಲ್ಲಿ. ಒಂದು ಐದನೆಯ ತಿಂಗಳಲ್ಲಿ, ಗಂಡು. ನಾಲ್ಕನೆಯದು ಇವಳು, ಎಂಟು ತಿಂಗಳಿಗೇ ಹುಟ್ಟಿ ಬದುಕಿಕೊಂಡವಳು. ಥಾನು ಎತ್ತಿದ್ದಕ್ಕೇ ಹೀಗಾಯಿತು ಎಂದರು ನನ್ನ ಅತ್ತೆ. ಹೊಟ್ಟೆಯಲ್ಲಿ ಒಂದು ಮಗು ನಿಲ್ಲಿಸಿಕೊಳ್ಳಲಾರದವಳು ಅಂಗಡಿ ಕಟ್ಟಿ ನಿಲ್ಲಿಸುತ್ತಾಳಂತೆ ಎಂದೂ ಅಂದರು. ಮೂರು ಸಲವೂ ಮಾರನೆಯ ದಿನವೇ ಕತ್ತರಿ ಮೇಜಿನ ಮುಂದೆ ನಿಂತೆ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಿದ್ದವರು ನಾಲ್ಕೇ ಜನ. ಅತ್ತೆ, ನನ್ನ ಗಂಡ, ಸೂಲಗಿತ್ತಿ, ನಮ್ಮ ಅಂಗಡಿಯ ಕಾಜಾದವಳು. ಮೂವರು ತೀರಿಕೊಂಡರು.

ಯಾವತ್ತೋ ಮುಗಿದುಹೋದ ಕತೆ. ಅದಕ್ಕೂ ಈ ಕಾಲಿಗೂ ಏನು ಸಂಬಂಧ? ಬಾಗಿಲು ಮುಚ್ಚಲು ಅವರಿಗೊಂದು ನೆಪ ಬೇಕು, ಅಷ್ಟೆ.

ಏಪ್ರಿಲ್ 9, ಬುಧವಾರ

ಕಾಜಾದವಳು ಮೇಲೆ ಬಂದಳು. ಗುಂಡಿ ತೂರುವ ಕಾಜಾ ಮಾಡುವುದೇ ಅವಳ ಕೆಲಸ, ನನ್ನಷ್ಟೇ ವರ್ಷದಿಂದ. ಮಂಚದ ತುದಿಯಲ್ಲಿ ಕೂತು, ಕೇಳದೆಯೇ ನನ್ನ ಕಾಲು ಒತ್ತತೊಡಗಿದಳು. ಒತ್ತಬಾರದು ಎಂದು ಕೈ ತೆಗೆಸಿದೆ.

"ಅಕ್ಕಾ, ಕೆಳಗೆ ಮೂರು ದಿನದಿಂದ ವಾಂತಿ."

"ಯಾರಿಗೆ?"

"ಯಾರಿಗೆ ಅಂತ ನಂಗೇ ಕೇಳ್ತೀರಲ್ಲ. ನಿಮ್ಮ ಮಗಳಿಗೆ. ಹೊಸ ಬಟ್ಟೆಯ ಗಂಜಿ ವಾಸನೆ ಅಂತಾಳೆ. ಹುಟ್ಟಿದಾಗಿನಿಂದ ಆ ವಾಸನೇಲೇ ಬೆಳೆದವಳು."

ಕಾಲುಚೀಲ ಮೇಲಕ್ಕೆಳೆದುಕೊಂಡೆ.

"ನಿಮಗೆ ಹೇಳಬೇಡ ಅಂದಿದ್ದಾಳೆ. ಥಾನು ಎತ್ತಿದೆ ಅಂತ ಮೊದಲೇ ಬೈಸ್ಕೊಳ್ಳೋಕೆ ಇಷ್ಟವಿಲ್ಲವಂತೆ. ಆರನೇ ವಾರ, ಎರಡು ವಾರ ಕಳೀಲಿ ಅಂತಾಳೆ." ದನಿ ತಗ್ಗಿಸಿ ಅಂದಳು, "ಆ ಬಟ್ಟೆಗಳನ್ನ ನಾನೇ ಒಗೆದಿದ್ದು ಅಕ್ಕಾ. ಮೂರು ಸಲಾನೂ. ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ನೀವಾದ್ರೂ ಬಿಡಿ."

"ಕೆಳಗೆ ಕಾಜಾ ಕಾಯ್ತಿದಾವೆ, ಹೋಗು," ಎಂದೆ.

ಹೋದಳು. ಬಾಗಿಲನ್ನು ಎಳೆದುಕೊಂಡೇ ಹೋದಳು, ನಾನು ಹೇಳದಿದ್ದರೂ.

ಏಪ್ರಿಲ್ 12, ಶನಿವಾರ

ಮಗಳು ನನ್ನ ಮಾತ್ರೆ ಡಬ್ಬಿ ತುಂಬುತ್ತಿದ್ದಳು. ಬೆನ್ನು ಮಾಡಿಕೊಂಡೇ ಕೇಳಿದಳು.

"ಅಮ್ಮ, ನಮ್ಮ ಕಡೆ ಯಾರಿಗಾದ್ರೂ ಹಿಂದೆ… ನನ್ನ ಥರ… ಆಗಿತ್ತಾ? ನಮ್ಮ ಡಾಕ್ಟರು ಕೇಳ್ತಿದ್ರು. ಸುಮ್ನೆ."

"ನಿಮ್ಮ ಡಾಕ್ಟರಿಗೆ ಬೇರೆ ಕೆಲಸವಿಲ್ವಾ?"

"ನಿನ್ನ ಕಾಯಿಲೆ ಹೇಳಿದೆ. ಹಾಗಾದ್ರೆ ಅಮ್ಮನಿಗೆ ಗರ್ಭ ಹೋಗಿತ್ತಾ ಕೇಳ್ಕೊಂಡು ಬಾ ಅಂದ್ರು. ಹೋಗಿದ್ರೆ ನಂದೂ ರಕ್ತ ನೋಡೋಣ, ಇಲ್ಲಾಂದ್ರೆ ಸದ್ಯಕ್ಕೆ ಬೇಡ, ಎರಡು ಸಲ ಹೀಗಾಗೋದು ಉಂಟು ಅಂದ್ರು. ಮೊನ್ನೆ ನೀನೇ ಇಲ್ಲ ಅಂದ್ಯಲ್ಲ. ಆದ್ರೂ ಕೇಳಿದೆ."

ಡಬ್ಬಿಯ ಏಳು ಮುಚ್ಚಳಗಳನ್ನೂ ಒಂದೊಂದಾಗಿ ಹಾಕುತ್ತಿದ್ದಳು. ಟಕ್, ಟಕ್.

"ಇಲ್ಲ," ಎಂದೆ. "ನಮ್ಮಲ್ಲಿ ಯಾರಿಗೂ ಇಲ್ಲ."

"ಸರಿ," ಎಂದಳು. ಅಷ್ಟೇ ಅಂದಳು. ಕೊನೆಯ ಮುಚ್ಚಳ ಸರಿಯಾಗಿ ಕೂರಲಿಲ್ಲ, ಎರಡನೆಯ ಸಲ ಒತ್ತಿದಳು.

ಏಪ್ರಿಲ್ 15, ಮಂಗಳವಾರ

3.4. ಹೆಚ್ಚಾಗಿದೆ. ಹಲ್ಲುಜ್ಜಿದರೆ ರಕ್ತ. ಒಂದು ದಿನ ಮಾತ್ರೆ ಬಿಡಲು ಹೇಳಿದರು. ಏನು ತಿಂದಿರಿ ಎಂದು ಕೇಳಿದರು. ಏನೂ ತಿಂದಿಲ್ಲ, ಎರಡು ದಿನದಿಂದ ಊಟ ಸೇರುತ್ತಿಲ್ಲ. ಅದಕ್ಕೇ ಇರಬೇಕು ಅಂದರು.

ಏಪ್ರಿಲ್ 16, ಬುಧವಾರ

ನರ್ಸಮ್ಮನ ಫೋನು. ನಾನು ತೇರ್ಗಡೆಯಾಗಿದ್ದೇನೆ. ಚೀಟಿಯಲ್ಲಿ ನನಗೆ ಹೊಸ ಮಾತ್ರೆಯೇ ಬಂದಿದೆ!

ಅಳಿಯ ಕೆಲಸದಿಂದ ಬರುತ್ತ ಆಸ್ಪತ್ರೆಗೆ ಹೋಗಿ ಪೆಟ್ಟಿಗೆ ತಂದ. ಬಿಳಿ ಪೆಟ್ಟಿಗೆ, ಅದರ ಮೇಲೆ ನನ್ನ ಹೆಸರಿಲ್ಲ, ಒಂದು ಸಂಖ್ಯೆ ಮಾತ್ರ. ಬಾಯಿಗೆ ಸೀಲು ಅಂಟಿಸಿದ್ದಾರೆ. ಇಪ್ಪತ್ತೊಂದನೆಯ ತಾರೀಕು, ಸೋಮವಾರ, ಅವರೆದುರಿಗೇ ಸೀಲು ಒಡೆದು ಮೊದಲ ಮಾತ್ರೆ ನುಂಗಬೇಕು. ಎಲ್ಲ ಸರಿಹೋದರೆ ಆರು ತಿಂಗಳಿಗೆ ಹಳೆಯ ಮಾತ್ರೆ ಕಡಿಮೆ ಮಾಡುತ್ತಾರೆ. ಆಮೇಲೆ ಕತ್ತರಿ ಹಿಡಿಯಬಹುದಾ ಎಂದು ಡಾಕ್ಟರಮ್ಮನನ್ನೇ ಫೋನಿನಲ್ಲಿ ಕೇಳಿದೆ. "ಮೊಂಡು ಕತ್ತರಿ ಹಿಡೀರಿ" ಎಂದು ನಕ್ಕರು. ಹಿಡಿಯಬಹುದು ಎಂದೇ ಅದರ ಅರ್ಥ.

ಪೆಟ್ಟಿಗೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಕಿಟಕಿಗೆ ಐದು ಸರಳು. ಮೂರು ತಿಂಗಳಿನಿಂದ ಎಣಿಸಿದ್ದೇನೆ, ಐದೇ.

"ಅತ್ತೆ, ಇನ್ನು ನಾವೆಲ್ಲ ಹುಷಾರಾಗಿರಬೇಕು," ಎಂದ ಅಳಿಯ. ಮಗಳು ನನ್ನ ಕೈ ಹಿಡಿದುಕೊಂಡು ಒಂದು ಸಲ ಒತ್ತಿದಳು. ಅವಳ ಬೆರಳುಗಳು ತಣ್ಣಗಿದ್ದವು.

ಏಪ್ರಿಲ್ 17, ಗುರುವಾರ

ಮಾತ್ರೆ ಶುರುಮಾಡುವ ಮೊದಲು ತಿಳಿವಳಿಕೆ ಪುಸ್ತಕ ಓದೋಣವೆಂದು ಕನ್ನಡಕ ಹಾಕಿಕೊಂಡು ಕೂತೆ. ಅಳತೆಯನ್ನು ಎರಡು ಸಲ ಓದದೆ ಕತ್ತರಿ ಇಡಬೇಡಿ ಎಂದು ಹದಿಮೂರು ಹೆಂಗಸರಿಗೆ ಬುದ್ಧಿ ಹೇಳುವವಳು ನಾನು. ಇಪ್ಪತ್ತೆರಡು ಪುಟಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿ ಬಂದಿದ್ದೇನೆ.

ಹದಿನಾಲ್ಕನೆಯ ಪುಟವನ್ನು ಹಾಗೆಯೇ ನಕಲು ಮಾಡುತ್ತೇನೆ. "ಈ ಕಾಯಿಲೆಯಿರುವ ಹೆಂಗಸರಲ್ಲಿ ಮಗುವಿಗೆ ಆಹಾರ ಒಯ್ಯುವ ಮಾಸಿನ ರಕ್ತನಾಳಗಳಲ್ಲೂ ತೊಂದರೆಯಾಗಿ ಗರ್ಭ ಹೋಗಬಹುದು. ಕಾಲಿನಲ್ಲಿ ಹೆಪ್ಪುಗಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಹೀಗೆ ಆಗಿರಬಹುದು. ಕೆಲವು ಕುಟುಂಬಗಳಲ್ಲಿ ತಾಯಿ, ಮಗಳು ಇಬ್ಬರಲ್ಲೂ ಇದು ಕಂಡುಬಂದಿದೆ. ಮೊದಲೇ ಗೊತ್ತಾದರೆ ಗರ್ಭಿಣಿಗೆ ದಿನವೂ ಇಂಜೆಕ್ಷನ್ ಮತ್ತು ಒಂದು ಸಣ್ಣ ಮಾತ್ರೆ ಕೊಟ್ಟು ಬಹಳಷ್ಟು ಮಕ್ಕಳನ್ನು ಉಳಿಸಿಕೊಳ್ಳಬಹುದು."

ಎರಡು ಸಲ ಓದಿದೆ. ಮೂರನೆಯ ಸಲ ಓದಲಿಲ್ಲ.

ಥಾನು ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ.

ಏಪ್ರಿಲ್ 18, ಶುಕ್ರವಾರ

ಹನ್ನೊಂದು ಗಂಟೆಗೆ ಕೆಳಗೆ ಮಷೀನುಗಳು ಒಂದೊಂದಾಗಿ ನಿಂತವು. ಹನ್ನೊಂದೂ. ಹಾಗೆ ನಿಲ್ಲುವುದು ಏನಾದರೂ ಅವಘಡವಾದರೆ ಮಾತ್ರ. ಯಾರನ್ನೂ ಕರೆಯಲಿಲ್ಲ. ಗೋಡೆ ಹಿಡಿದುಕೊಂಡು ಎದ್ದು ಮೆಟ್ಟಿಲ ತಲೆಯಲ್ಲಿ ನಿಂತೆ. ಅಲ್ಲಿಂದ ಕತ್ತರಿ ಮೇಜು ಕಾಣುತ್ತದೆ.

ಮಗಳು ಕೆಟ್ಟ ಬಟ್ಟೆ ಹಿಡಿದು ನಿಂತಿದ್ದಳು. ಹನ್ನೆರಡು ಪದರ ಒಟ್ಟಿಗೆ ಕತ್ತರಿಸುವಾಗ ಹೊಸ ಕತ್ತರಿ ಜಾರಿ, ಅಂಗಿಯ ಮುಂಭಾಗ ಹನ್ನೆರಡೂ ಕೆಟ್ಟಿದ್ದವು. ಮುಖ ಬಿಳಿಚಿಕೊಂಡಿತ್ತು. ಅದು ವಾಂತಿಯಿಂದಲೋ ಇದರಿಂದಲೋ ತಿಳಿಯಲಿಲ್ಲ.

"ಕೈ ಜಾರ್ತು," ಎಂದಳು, ಎಲ್ಲರಿಗೂ ಕೇಳುವಂತೆ. "ಹನ್ನೆರಡೂ ಹೋಯ್ತು. ಇದನ್ನ ಯಾರೂ ಮಷೀನಿಗೆ ಹಾಕ್ಬೇಡಿ."

ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ತನ್ನ ಗುರುತು ಹಾಕಿ, ಹನ್ನೆರಡನ್ನೂ ಮೊಳೆಗೆ ಸಿಕ್ಕಿಸಿದಳು. ಆಮೇಲೆ ಸೀಮೆಸುಣ್ಣ ಒರೆಸಿಕೊಂಡು ಮುಂದಿನ ಬಟ್ಟೆ ಹಾಸಿದಳು. ಯಾರೋ ಏನೋ ತಮಾಷೆ ಮಾಡಿದರು, ಅವಳೂ ನಕ್ಕಳು. ಮಷೀನುಗಳು ಮತ್ತೆ ಶುರುವಾದವು. ಎಲ್ಲ ಸೇರಿ ಐದು ನಿಮಿಷದ ಕೆಲಸ.

ನಾನಿದ್ದುದನ್ನು ಯಾರೂ ನೋಡಲಿಲ್ಲ.

ಅವಳಿಗೆ ಆ ಕಟ್ಟಳೆ ಕಲಿಸಿದವಳು ನಾನೇ. ಏಳು ವರ್ಷದ ಹುಡುಗಿ, ಕರ್ಚೀಫು ಒಂದನ್ನು ಸೊಟ್ಟಗೆ ಕತ್ತರಿಸಿದ್ದಳು. ಮೊಳೆ ಎಟುಕದೆ ಅತ್ತಾಗ ಮೇಲೆತ್ತಿ ಹಿಡಿದಿದ್ದೆ.

ಏಪ್ರಿಲ್ 19, ಶನಿವಾರ

ಪೆಟ್ಟಿಗೆ ಕಿಟಕಿಯಲ್ಲಿದೆ. ಸೋಮವಾರಕ್ಕೆ ಇನ್ನು ಎರಡು ದಿನ. ಒಂದು ಮಾತ್ರೆ ನುಂಗಿ ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ನಾನು ಹೊರಗೆ ಬರುತ್ತೇನೆ.

ಆರು ತಿಂಗಳಿಗೆ ಅವಳಿಗೆ ಎಂಟನೆಯ ತಿಂಗಳು. ತುಂಬಿದರೆ.

ಏಪ್ರಿಲ್ 20, ಭಾನುವಾರ

ಅಂಗಡಿಗೆ ರಜೆ. ಕೆಳಗೆ ಒಂದು ಸದ್ದೂ ಇಲ್ಲ. ಮಧ್ಯಾಹ್ನ ಮಗಳನ್ನು ಕರೆದು, ನಾಳೆ ಆಸ್ಪತ್ರೆಗೆ ನೀನೂ ಬರಬೇಕು ಎಂದೆ. "ನಾನಿಲ್ದೆ ನೀನು ಮಾತ್ರೆ ನುಂಗ್ತೀಯಾ?" ಎಂದು ನಕ್ಕಳು.

ಏಪ್ರಿಲ್ 21, ಸೋಮವಾರ

ಹೋಗಿ ಬಂದೆ.

ನರ್ಸಮ್ಮ ನೀರಿನ ಲೋಟ ತುಂಬಿಸಿಟ್ಟುಕೊಂಡೇ ಕೂತಿದ್ದರು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟೆ. ಸೀಲು ಒಡೆಯಲು ಅವರು ಕೈ ಚಾಚಿದಾಗ ನನ್ನ ಕೈ ಅಡ್ಡ ಇಟ್ಟೆ.

"ಮೊದಲು ನಿಮ್ಮ ಪಟ್ಟಿ ತೆಗೀರಿ. ಹನ್ನೆರಡನೇ ಪ್ರಶ್ನೆ."

"ಅದೆಲ್ಲ ಆಗಿದೆ ಅಮ್ಮ."

"ತಪ್ಪಾಗಿದೆ. ತಪ್ಪು ಹೇಳಿದವಳು ನಾನು. ಮೂರು ಅಂತ ಬರ್ಕೊಳ್ಳಿ. ಎರಡು ಮೂರನೇ ತಿಂಗಳಲ್ಲಿ, ಒಂದು ಐದರಲ್ಲಿ."

ಗೋಡೆಯ ಗಡಿಯಾರ ನೋಡುತ್ತ ಹೇಳಿದೆ. ಮಗಳ ಕಡೆ ನೋಡಲಿಲ್ಲ. ಅವಳ ಮಡಿಲಿನಿಂದ ಚೀಲ ಜಾರಿ ಬಿದ್ದ ಸದ್ದು ಮಾತ್ರ ಕೇಳಿತು.

ನರ್ಸಮ್ಮ ಪೆನ್ನು ಕೆಳಗಿಟ್ಟರು. "ಅಮ್ಮ, ಇದು ಪರೀಕ್ಷೆ ಅಲ್ಲ, ಯಾರೂ ಫೇಲು ಮಾಡ್ತಿರಲಿಲ್ಲ. ಆದ್ರೆ ಈಗ ಈ ಪ್ರಯೋಗದಲ್ಲಿ ನಿಮ್ಮನ್ನ…"

"ಗೊತ್ತು. ಸೀಲು ಹಾಗೇ ಇದೆ, ನೋಡ್ಕೊಳ್ಳಿ. ಇನ್ನು ಇವಳ ರಕ್ತ ತೆಗೀರಿ. ಏಳು ವಾರ ತುಂಬಿ ಎಂಟು ನಡೀತಿದೆ. ಹಿಂದೆ ಎರಡು ಹೋಗಿದೆ. ಡಾಕ್ಟರಮ್ಮನ್ನ ಕರೀರಿ."

"ಅಮ್ಮಾ, ನಿಂಗ್ಯಾರು ಹೇಳಿದ್ದು?" ಮಗಳ ದನಿ ಸಣ್ಣಗಿತ್ತು.

"ಹದಿಮೂರು ಹೆಂಗಸರಿರೋ ಅಂಗಡಿ ಅದು."

ಡಾಕ್ಟರಮ್ಮ ಬಂದರು. ರಕ್ತದ ಫಲಿತಾಂಶಕ್ಕೆ ನಾಲ್ಕು ದಿನ ಬೇಕು, ಅಲ್ಲಿಯವರೆಗೆ ಕಾಯುವುದು ಬೇಡ ಎಂದು, ಮಗಳನ್ನು ನೋಡುವ ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡಿ ಮಾತಾಡಿದರು. ಸಣ್ಣ ಮಾತ್ರೆ ಇವತ್ತಿನಿಂದಲೇ, ಇಂಜೆಕ್ಷನ್ನೂ ಇವತ್ತಿನಿಂದಲೇ. ಹೊಟ್ಟೆಗೆ ಹೇಗೆ ಚುಚ್ಚಿಕೊಳ್ಳಬೇಕೆಂದು ನರ್ಸಮ್ಮ ತೋರಿಸಿದರು. ಆಮೇಲೆ ಡಾಕ್ಟರಮ್ಮ ನನ್ನ ಕಡೆ ತಿರುಗಿ ಚೆನ್ನಾಗಿ ಬೈದರು. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ, ನಿಮಗೆ ಆ ಹೊಸ ಮಾತ್ರೆಯಿಂದ ಏನಾದರೂ ಆಗಿದ್ದರೆ ಯಾರು ಹೊಣೆ ಎಂದರು. ಅತ್ತೆ ತೀರಿಕೊಂಡ ಮೇಲೆ ನನ್ನನ್ನು ಯಾರೂ ಬೈದಿರಲಿಲ್ಲ. ಪೂರ್ತಿ ಕೇಳಿಸಿಕೊಂಡೆ.

ಬಸ್ಸಿನಲ್ಲಿ ಮಗಳು ಕಿಟಕಿಯ ಪಕ್ಕ ಕೂತಳು. ಆರು ನಿಲ್ದಾಣ ದಾಟಿದವು. ಏಳನೆಯದು ಬರುವಾಗ, ಹೊರಗೆ ನೋಡುತ್ತಲೇ ಕೇಳಿದಳು:

"ಮೂರು ಸಲಾನೂ ಥಾನು ಎತ್ತಿದ್ಯಾ?"

"ಎತ್ತಿದ್ದೆ. ನೀನು ಹೊಟ್ಟೇಲಿದ್ದಾಗ್ಲೂ ಎತ್ತಿದ್ದೆ. ಥಾನಿಂದ ಆಗಿದ್ದಲ್ಲ ಅದು. ನಿಂದೂ ಅಲ್ಲ."

ಎಂಟನೆಯ ನಿಲ್ದಾಣದಲ್ಲಿ ಚೀಲದಿಂದ ಕರ್ಚೀಫು ತೆಗೆದು ಮೂಗು ಒರೆಸಿಕೊಂಡು, ಕೈಯಲ್ಲೇ ಇಟ್ಟುಕೊಂಡಳು. ಕ್ಷಮಿಸು ಎಂದು ಹೇಗೆ ಹೇಳುತ್ತಾರೋ ನನಗೆ ಗೊತ್ತಿಲ್ಲ. ಅಭ್ಯಾಸವಿಲ್ಲ. ಇಳಿಯುವಾಗ ಅವಳು ಕೈ ಕೊಟ್ಟಳು, ಹಿಡಿದುಕೊಂಡು ಇಳಿದೆ.

ಅಂಗಡಿಗೆ ಬಂದ ಮೇಲೆ ಬೀರುವಿನ ಬೀಗದ ಕೈ ಕೇಳಿದೆ. ಅವಳು ನನ್ನ ಮುಖ ನೋಡಿ, ಸ್ವಲ್ಪ ತಡೆದು ಕೊಟ್ಟಳು. ಮಷೀನುಗಳು ನಿಧಾನವಾದವು. ಚೀಲದಲ್ಲಿದ್ದ ನನ್ನ ಪ್ರತಿಯ ಹಾಳೆ ತೆಗೆದು, ಹನ್ನೆರಡನೆಯ ಪ್ರಶ್ನೆಯ ಮುಂದಿದ್ದ "ಇಲ್ಲ" ಎಂಬುದನ್ನು ಹೊಡೆದುಹಾಕಿ, ಮೂರು ಎಂದು ಬರೆದೆ. ಅದರ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು, ಮಗಳ ಹನ್ನೆರಡು ತುಂಡುಗಳ ಮುಂದೆ ಮೊಳೆಗೆ ಸಿಕ್ಕಿಸಿದೆ. ಕಾಜಾದವಳು ಎದ್ದು ಬಂದು, ಕನ್ನಡಕ ಏರಿಸಿ ಓದಿದಳು. ಮತ್ತೆ ತನ್ನ ಜಾಗಕ್ಕೆ ಹೋಗಿ ಮಷೀನು ತುಳಿಯತೊಡಗಿದಳು. ಉಳಿದವರು ಒಬ್ಬೊಬ್ಬರಾಗಿ ಓದಿದರು. ಓದಲಿ.

ಆಮೇಲೆ ಹದಿನೇಳು ಮೆಟ್ಟಿಲು ಹತ್ತಿ ಬಂದೆ. ನಾಳೆ ಮಂಗಳವಾರ, ಸೂಜಿ. ಸೊಪ್ಪು ಅರ್ಧ ಬಟ್ಟಲು. ಕಿಟಕಿಯ ಕಟ್ಟೆ ಖಾಲಿಯಿದೆ.

ಬೀರುವೂ ಖಾಲಿಯಿದೆ. ಕತ್ತರಿಯನ್ನು ಕೆಳಗೆ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ, ಹಿಡಿಯನ್ನು ಅವಳ ಕಡೆಗೆ ಮಾಡಿ. ಈಗ ಅದರ ಸದ್ದು ಕೇಳುತ್ತಿದೆ. ಜಗಿಯುತ್ತಿಲ್ಲ.